ಆಟದ ಲ್ಯಾಪ್‌ಟಾಪೂ ಮನೆಯ ಆಯವ್ಯಯವೂ

(ರಾಜ್ಯೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಕುಟುಂಬ ಗೋಷ್ಠಿಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯೆಂದ ಮೇಲೆ ಏಕೀಕರಣದ ಕಥೆ, ಆಲೂರು ವೆಂಕಟರಾಯರ ಸ್ಮರಣೆ, 1956ರ ನವೆಂಬರ್ ಒಂದನೆಯ ತಾರೀಖಿನ ನೆನಪು, ಇವು ವಾಡಿಕೆ. ಇಂಥ ಕಡೆ ನಿಂತು ಲ್ಯಾಪ್‌ಟಾಪಿನ ಮಾತೆತ್ತುವುದು ಮದುವೆಯ ಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಬೆಲೆ ವಿಚಾರಿಸಿದ ಹಾಗಾಯಿತು ಎಂದು ಹಿರಿಯರು ಯಾರಾದರೂ ನಕ್ಕರೆ ನಮಗೆ ಬೇಸರವಿಲ್ಲ. ಆದರೂ ಸಿಲಿಂಡರ್ ಇಲ್ಲದೆ ಮದುವೆಯ ಅಡಿಗೆ ಆಗುವುದಿಲ್ಲವಷ್ಟೆ. ದ್ವಾರಕಾ ಆಗಲಿ, ಮಯೂರ್ ವಿಹಾರ್ ಆಗಲಿ, ಆರ್.ಕೆ. ಪುರವಾಗಲಿ, ಯಮುನೆಯಾಚೆಯ ನೋಯ್ಡಾ ಆಗಲಿ, ಇತ್ತ ಗುರುಗ್ರಾಮವಾಗಲಿ, ನಮ್ಮ ಕನ್ನಡ ಮನೆಗಳಲ್ಲಿ ಹನ್ನೆರಡನೆಯ ತರಗತಿಯ ಫಲಿತಾಂಶ ಬಂದ ವಾರದಲ್ಲಿ ಏಳುವ ಮೊದಲ ಬೇಡಿಕೆ ಇದೇ ಆಗಿದೆ. ಎಷ್ಟೋ ಮನೆಗಳಲ್ಲಿ ತಂದೆಯ ಒಂದು ತಿಂಗಳ ಸಂಬಳಕ್ಕೂ ಮೀರಿದ ಮೊತ್ತ ಇದಕ್ಕೆ ಹೋಗುತ್ತದೆ. ಸೋಜಿಗವೆಂದರೆ, ಹಣ ಕೊಡುವವರಿಗೆ ವಸ್ತುವಿನ ವಿಷಯ ಗೊತ್ತಿರುವುದಿಲ್ಲ. ವಸ್ತುವನ್ನು ಕೇಳುವವರಿಗೆ ಹಣದ ವಿಷಯ ಗೊತ್ತಿರುವುದಿಲ್ಲ.

ಆ ಬೇಡಿಕೆ ಬರುವ ಬಗೆಯನ್ನು ಸ್ವಲ್ಪ ಗಮನಿಸೋಣ. "ಅಪ್ಪಾ, ಕಾಲೇಜಿಗೆ ಲ್ಯಾಪ್‌ಟಾಪ್ ಬೇಕು" ಎಂದು ಮಗ ಶುರುಮಾಡುತ್ತಾನೆ. "ಯಾತಕ್ಕೆ?" "ಓದೋದಕ್ಕೆ, ಪ್ರಾಜೆಕ್ಟಿಗೆ." "ಎಷ್ಟಾಗುತ್ತೆ?" "ಎಂಬತ್ತು ಸಾವಿರ." "ಓದೋದಕ್ಕೆ ಎಂಬತ್ತು ಸಾವಿರ ಯಾಕಪ್ಪಾ?" ಇಲ್ಲಿಗೆ ಸಂಭಾಷಣೆ ನಿಂತುಹೋಗುತ್ತದೆ. ಆಟ ಎಂಬ ಮಾತನ್ನು ಮಗ ಬಾಯಿಬಿಟ್ಟು ಹೇಳಲಾರ. ಅದು ತಿಳಿದಿದ್ದೂ ತಂದೆ ಕೇಳಲಾರರು. "ಕೊಡಿಸಿಬಿಡಿ ಅಂದ್ರೆ, ಹೇಗೂ ಹಾಸ್ಟೆಲಿಗೆ ಹೋಗ್ತಾನೆ" ಎಂದು ಅಡಿಗೆಮನೆಯಿಂದ ತಾಯಿಯ ರಾಜಿಸೂತ್ರ ಬರುತ್ತದೆ. ಈ ಮುಚ್ಚುಮರೆಯಲ್ಲಿಯೇ ಹಣ ಸೋರಿಹೋಗುತ್ತದೆ ಎಂಬುದು ನಮ್ಮ ವಾದ. ಓದಿಗೆಂದೇ ಹೊರಟವರು ತೆಳ್ಳಗೆ ಬೆಳ್ಳಗೆ ಇರುವ, ಆಟಕ್ಕೆ ಬಾರದ ಯಂತ್ರವನ್ನು ತರುತ್ತಾರೆ. ಆರು ತಿಂಗಳಿಗೆ ಮಗನ ಮುಖ ಸಪ್ಪಗಾಗುತ್ತದೆ. ಇಲ್ಲವೆ ಅಂಗಡಿಯವನು 'ಗೇಮಿಂಗ್' ಎಂದು ಚೀಟಿ ಅಂಟಿಸಿದ, ಕೆಂಪು ದೀಪ ಉರಿಯುವ ಯಾವುದೋ ಪೆಟ್ಟಿಗೆಯನ್ನು ಹೊತ್ತು ತರುತ್ತಾರೆ; ಎರಡು ವರ್ಷಕ್ಕೆ ಅದು ಹೊಸ ಆಟಗಳಿಗೆ ಸಾಲದೆ ಹೋಗುತ್ತದೆ.

ಆಟವೆಂದರೆ ನಾಚಿಕೆಯೇಕೆ? ಬೀಟೆಯ ಮರದಲ್ಲಿ ಅಳಗುಳಿಮಣೆ ಮಾಡಿಸಿಕೊಂಡ ನಮ್ಮ ಅಜ್ಜಿಯರನ್ನು ದುಂದುಗಾರರೆಂದು ಯಾರೂ ಜರೆಯಲಿಲ್ಲ. ಹಣ ಕಟ್ಟಿ ಆಡುವ ಆಟದ ಮಾತು ಬೇರೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾಯಿದೆ ಅದನ್ನು ನಿಷೇಧಿಸುತ್ತದೆ, ಅದೇ ಕಾಯಿದೆ ಇ-ಕ್ರೀಡೆಗಳಿಗೆ ಮನ್ನಣೆಯನ್ನೂ ಕೊಡುತ್ತದೆ. ನಾವು ಹೇಳುತ್ತಿರುವುದು ಮಕ್ಕಳು ಗೆಳೆಯರೊಡನೆ ಸೇರಿ ಆಡುವ ಆಟದ ಸಂಗತಿ. ಆದಕಾರಣ ಮೊದಲು ಕಾಗದವೊಂದನ್ನು ತೆಗೆದುಕೊಂಡು, ಯಾವ ಯಾವ ಆಟ ಆಡಬೇಕೆಂದಿದ್ದೀಯೆ ಎಂದು ಮಗನಿಂದಲೋ ಮಗಳಿಂದಲೋ ಬರೆಯಿಸಬೇಕು. ಯಂತ್ರದ ಹೆಸರು ಆಮೇಲಿನ ಮಾತು.

ಆ ಪಟ್ಟಿಯಿಂದ ಎಷ್ಟು ತಿಳಿಯುತ್ತದೆ ನೋಡಿ. ಹುಡುಗರು ಹಗಲಿರುಳೂ ಜಪಿಸುವ ವ್ಯಾಲೊರಂಟ್ ಎಂಬ ಆಟಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಚಿಪ್ಪೇ ಕಡ್ಡಾಯವಲ್ಲ. ಪ್ರೊಸೆಸರಿನೊಳಗೇ ಇರುವ ಚಿತ್ರಶಕ್ತಿಯಿಂದಲೂ ಅದು ನಡೆಯುತ್ತದೆ. ಪಟ್ಟಿಯಲ್ಲಿ ಅದೊಂದೇ ಇದ್ದರೆ, ಜೊತೆಗೆ ಚದುರಂಗವಿದ್ದರೆ, ಗೇಮಿಂಗ್ ಲ್ಯಾಪ್‌ಟಾಪನ್ನೇ ಕೊಳ್ಳಬೇಕಾಗಿಲ್ಲ. 2013ರಲ್ಲಿ ಹೊರಬಂದು 2015ರಲ್ಲಿ ಕಂಪ್ಯೂಟರಿಗೆ ಇಳಿದ ಜಿಟಿಎ-5 ಇಂದಿನ ಕೆಳದರ್ಜೆಯ ಗ್ರಾಫಿಕ್ಸ್ ಚಿಪ್ಪಿನಲ್ಲಿಯೂ ಸರಾಗವಾಗಿ ಓಡುತ್ತದೆ. 2020ರ ಡಿಸೆಂಬರಿನ ಸೈಬರ್‌ಪಂಕ್ 2077 ಹೆಚ್ಚು ಬಲ ಬೇಡುತ್ತದೆ. 2024ರ ಡಿಸೆಂಬರಿನಲ್ಲಿ ಬಂದ ಇಂಡಿಯಾನಾ ಜೋನ್ಸ್ ಆಟಕ್ಕೆ ತಯಾರಕರು ಹೇಳಿದ ಕನಿಷ್ಠ ಬೇಡಿಕೆಯೇ 8 ಜಿಬಿ ಗ್ರಾಫಿಕ್ಸ್ ಮೆಮೊರಿ. ಪಟ್ಟಿಯ ಮೇಲ್ತುದಿಗೂ ಕೆಳತುದಿಗೂ ಬೆಲೆಯಲ್ಲಿ ಅಜಗಜಾಂತರವಿದೆ. ತಂದೆ ಮಗ ಒಟ್ಟಿಗೆ ಕುಳಿತು ಇದನ್ನು ಓದಿದರೆ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ. ಏಕೆಂದರೆ ಮಗನೇ ಎರಡು ಹೆಸರನ್ನು ಹೊಡೆದುಹಾಕುತ್ತಾನೆ.

ಓದಿನ ಮಾತನ್ನೂ ಆ ಕಾಗದದಲ್ಲಿಯೇ ಬರೆಯಬೇಕು. ಎಂಜಿನಿಯರಿಂಗ್ ಓದುವವರ ನಕ್ಷೆಯ ತಂತ್ರಾಂಶ, ಬ್ಲೆಂಡರಿನಂಥ ಮೂರು ಆಯಾಮದ ಚಿತ್ರಗಾರಿಕೆ, ಈಗ ಎಲ್ಲ ಶಾಖೆಗಳಿಗೂ ನುಗ್ಗಿರುವ ಯಂತ್ರಕಲಿಕೆ, ಇವೆಲ್ಲ ಅದೇ ಗ್ರಾಫಿಕ್ಸ್ ಚಿಪ್ಪಿನಿಂದ ಕೆಲಸ ತೆಗೆದುಕೊಳ್ಳುತ್ತವೆ. ಹೀಗಾಗಿ ಓದು, ಆಟ ಎರಡೂ ಒಂದೇ ಯಂತ್ರದಲ್ಲಿ ನಡೆಯುವುದು ಸುಳ್ಳು ನೆಪವೇನಲ್ಲ. ವಾಣಿಜ್ಯವನ್ನೋ ಇತಿಹಾಸವನ್ನೋ ಓದುವ ಮಕ್ಕಳ ವಿಷಯದಲ್ಲಿ ಮಾತ್ರ ಆ ನೆಪ ಅಷ್ಟಾಗಿ ನಿಲ್ಲುವುದಿಲ್ಲ.

ಇನ್ನೊಂದು ಪ್ರಶ್ನೆ: ಲ್ಯಾಪ್‌ಟಾಪೇ ಏಕೆ? ಅಷ್ಟೇ ಹಣಕ್ಕೆ ಮೇಜಿನ ಮೇಲೆ ಕೂರುವ ಕಂಪ್ಯೂಟರಿನಲ್ಲಿ ಹೆಚ್ಚು ಬಲ ಸಿಗುತ್ತದೆ, ಕೆಟ್ಟ ಭಾಗವನ್ನು ಬದಲಾಯಿಸಲೂ ಬರುತ್ತದೆ. ಸ್ವಂತ ಮನೆಯುಳ್ಳವರು, ಮಕ್ಕಳು ಮನೆಯಿಂದಲೇ ಕಾಲೇಜಿಗೆ ಹೋಗುವವರು ಅದನ್ನು ಯೋಚಿಸಬೇಕು. ಆದರೆ ನಮ್ಮಲ್ಲಿ ಅನೇಕರದು ವರ್ಗಾವಣೆಯ ನೌಕರಿ, ಹನ್ನೊಂದು ತಿಂಗಳ ಬಾಡಿಗೆಯ ಕರಾರು. ಮಗಳು ಸುರತ್ಕಲ್ಲಿನಲ್ಲೋ ಹುಬ್ಬಳ್ಳಿಯಲ್ಲೋ ಓದುತ್ತಾಳೆ. ರೈಲಿನಲ್ಲಿ ಎರಡು ರಾತ್ರಿ ಕಳೆದು ರಜೆಗೆ ಬರುತ್ತಾಳೆ. ಅಂಥವರಿಗೆ ಲ್ಯಾಪ್‌ಟಾಪೇ ಗತಿ. ಆಟದ ಲ್ಯಾಪ್‌ಟಾಪ್ ಎರಡು ಕಿಲೋಗ್ರಾಮಿಗೂ ಹೆಚ್ಚು ತೂಗುವುದು ಸಾಮಾನ್ಯ, ಅದರ ಚಾರ್ಜರಿನ ಇಟ್ಟಿಗೆ ಬೇರೆ. ದಿನವೂ ಮೆಟ್ರೋದಲ್ಲಿ ನಿಂತು ಹೋಗುವ ಮಗುವಿನ ಬೆನ್ನಿಗೆ ಅದು ಎಷ್ಟು ಹೊರೆ ಎಂಬುದನ್ನು ಅಂಗಡಿಯಲ್ಲಿ ಎತ್ತಿ ನೋಡಿಯೇ ತಿಳಿಯಬೇಕು.

ಈಗ ಹಣದ ಲೆಕ್ಕಕ್ಕೆ ಬರೋಣ. 70 ಸಾವಿರ ರೂಪಾಯಿಯನ್ನು ಮಿತಿಯೆಂದು ಇಟ್ಟುಕೊಳ್ಳೋಣ. ಅದರಲ್ಲಿ ಶೇಕಡ 18ರ ಜಿಎಸ್‌ಟಿ ಅಡಗಿದೆ. ಎಂದರೆ ಸುಮಾರು 10,680 ರೂಪಾಯಿ ತೆರಿಗೆ, ಯಂತ್ರಕ್ಕೆಂದು ಉಳಿಯುವುದು 59,320. ಈ ಮೊತ್ತದಲ್ಲಿ ಎಲ್ಲವೂ ಉತ್ತಮವಾಗಿರಬೇಕೆಂದರೆ ಆಗದು. ಯಾವುದಕ್ಕೆ ಹೆಚ್ಚು ಕೊಡಬೇಕು, ಯಾವುದನ್ನು ಬಿಡಬೇಕು ಎಂಬುದೇ ವಿವೇಕ. ನಮ್ಮ ಅಭಿಪ್ರಾಯದಲ್ಲಿ ಗ್ರಾಫಿಕ್ಸ್ ಚಿಪ್ಪಿಗೂ ಅದನ್ನು ತಣ್ಣಗಿಡುವ ವ್ಯವಸ್ಥೆಗೂ ಮೊದಲ ಪಾಲು ಸಲ್ಲಬೇಕು. ಮೆಮೊರಿಯನ್ನೂ ಡಿಸ್ಕನ್ನೂ ಮುಂದೆ ಬದಲಾಯಿಸಬಹುದಾದ ಯಂತ್ರಗಳು ಎಷ್ಟೋ ಇವೆ. ಗ್ರಾಫಿಕ್ಸ್ ಚಿಪ್ಪು ಮಾತ್ರ ಇಂಥ ಲ್ಯಾಪ್‌ಟಾಪುಗಳಲ್ಲಿ ಮದರ್‌ಬೋರ್ಡಿಗೆ ಬೆಸುಗೆಯಾಗಿಯೇ ಬಂದಿರುತ್ತದೆ. ಕೊಂಡ ದಿನ ಏನಿತ್ತೋ ಕಡೆಯ ದಿನವೂ ಅದೇ.

ಈ ಬೆಲೆಯ ಆಸುಪಾಸಿನಲ್ಲಿ ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 2050, 3050, 4050 ಎಂಬ ಹೆಸರುಗಳೂ, ಕೊಂಚ ಮೇಲಕ್ಕೆ 4060, 5050 ಎಂಬುವೂ ಕಣ್ಣಿಗೆ ಬೀಳುತ್ತವೆ. 2050ಕ್ಕೆ ಇರುವುದು 4 ಜಿಬಿ ಮೆಮೊರಿ, 3050ರಲ್ಲಿ 4ರದೂ ಉಂಟು, 6ರದೂ ಉಂಟು, 4050ಕ್ಕೆ 6, ಕೊನೆಯ ಎರಡಕ್ಕೆ 8. ನಾಲ್ಕು ವರ್ಷ ಬಾಳಬೇಕಾದ ಯಂತ್ರದಲ್ಲಿ 4 ಜಿಬಿಯನ್ನು ನಾವು ಸಲಹೆ ಮಾಡಲಾರೆವು. ಆರಾದರೆ ನಡೆಯುತ್ತದೆ, ಎಂಟು ಕೈಗೆಟುಕಿದರೆ ಬಿಡಬಾರದು.

ಇಷ್ಟು ಬಹುಮಂದಿಗೆ ಗೊತ್ತು. ಗೊತ್ತಿಲ್ಲದ ಗುಟ್ಟು ವ್ಯಾಟಿನದು. ಒಂದೇ 4050 ಚಿಪ್ಪನ್ನು 35 ವ್ಯಾಟಿನಿಂದ 115 ವ್ಯಾಟಿನವರೆಗೆ ಹೇಗೆ ಬೇಕಾದರೂ ಕೂರಿಸಲು ಎನ್ವಿಡಿಯಾ ಲ್ಯಾಪ್‌ಟಾಪ್ ತಯಾರಕರಿಗೆ ಅವಕಾಶ ಕೊಟ್ಟಿದೆ. 4060ರ ಕಥೆಯೂ ಅದೇ. ಹೊರಗಿನ ಚೀಟಿಯಲ್ಲಿ ಎರಡಕ್ಕೂ ಒಂದೇ ಹೆಸರು. ಹೆಸರು ಭೀಮನಾದರೂ ಉಣ್ಣುವುದು ಅರ್ಧ ಮುದ್ದೆಯಾದರೆ ಬಲ ಎಲ್ಲಿಂದ ಬರಬೇಕು? ತೆಳುವಾದ ಸುಂದರ ಮೈಯೊಳಗೆ ಉಪವಾಸವಿರುವ ದೊಡ್ಡ ಚಿಪ್ಪಿಗಿಂತ, ದಪ್ಪ ಮೈಯಲ್ಲಿ ಹೊಟ್ಟೆ ತುಂಬ ಉಂಡ ಅದೇ ಚಿಪ್ಪು ಎಷ್ಟೋ ಮೇಲು. ಈ ಅಂಕಿಯನ್ನು ತಯಾರಕರ ಜಾಲತಾಣದ ವಿವರಪಟ್ಟಿಯಲ್ಲಿ 'ಟಿಜಿಪಿ' ಎಂಬ ಹೆಸರಿನಲ್ಲಿ ಹುಡುಕಬೇಕು. ಬರೆಯದೆ ಬಿಟ್ಟಿದ್ದರೆ ಅನುಮಾನ ಪಡುವುದು ತಪ್ಪಲ್ಲ.

ಪ್ರೊಸೆಸರಿನ ವಿಷಯದಲ್ಲಿ ಚೀಟಿಗೆ ಮರುಳಾಗುವವರು ತಂದೆತಾಯಂದಿರೇ ಹೆಚ್ಚು. ಐ7 ಎಂದರೆ ಐ5ಕ್ಕಿಂತ ದೊಡ್ಡದು, ರೈಜನ್ 7 ಎಂದರೆ 5ಕ್ಕಿಂತ ದೊಡ್ಡದು ಎಂಬ ಒಂದೇ ಲೆಕ್ಕ ಅವರದು. ಆಟಕ್ಕೆ ಐ5 ಅಥವಾ ರೈಜನ್ 5 ಧಾರಾಳವಾಗಿ ಸಾಕು; ಹೆಸರಿನ ಕೊನೆಯಲ್ಲಿ ಎಚ್, ಎಚ್‌ಎಸ್ ಅಥವಾ ಎಚ್‌ಎಕ್ಸ್ ಅಕ್ಷರವಿರಲಿ. ಯು ಎಂದಿದ್ದರೆ ಅದು ತೆಳು ಯಂತ್ರಗಳ ಮಿತವ್ಯಯದ ಚಿಪ್ಪು. ಎಎಮ್‌ಡಿಯ 7000 ಸಾಲಿನಲ್ಲಿ ಮೂರನೆಯ ಅಂಕಿ ಒಳಗಿನ ವಿನ್ಯಾಸದ ಪೀಳಿಗೆಯನ್ನು ಹೇಳುತ್ತದೆ. 2023ರಲ್ಲಿ ಬಂದ 7735ಎಚ್‌ಎಸ್ ಎಂಬುದರಲ್ಲಿ ಮೂರನೆಯ ಅಂಕಿ 3. ಎಂದರೆ ಹೆಸರು ಹೊಸದು, ವಿನ್ಯಾಸ ಹಿಂದಿನ ವರ್ಷದ್ದು. ಅದು ಕೆಟ್ಟದ್ದೇನಲ್ಲ, ಹಳೆಯ ಸರಕಿನ ಬೆಲೆಗೆ ಸಿಕ್ಕಿದರೆ ಲಾಭವೇ ಸರಿ. ಹೊಸದೆಂದು ಹೊಸ ಬೆಲೆ ತೆರಬಾರದು, ಅಷ್ಟೆ.

ಮೆಮೊರಿ 16 ಜಿಬಿ ಇರಬೇಕು, ಅದೂ ಎಂಟೆಂಟರ ಎರಡು ಪಟ್ಟಿಗಳಾಗಿ. ಎರಡು ದಾರಿಯಲ್ಲಿ ದತ್ತ ಹರಿದರೆ ಆಟ ಚುರುಕಾಗುತ್ತದೆ. ಒಂದೇ ಪಟ್ಟಿಯಿದ್ದರೆ ಕುಂಟುತ್ತದೆ. ಈಗ 8 ಸಾಕು, ಆಮೇಲೆ ಹಾಕಿಸಿಕೊಂಡರಾಯಿತು ಎಂಬುದು ಕೆಲವು ಕಾಲ ಜಾಣರ ಮಾತಾಗಿತ್ತು. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದೊಡ್ಡ ದೊಡ್ಡ ಕೇಂದ್ರಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಳ್ಳತೊಡಗಿ ಬೆಲೆ ಜಗತ್ತಿನಾದ್ಯಂತ ಏರಿದ ಮೇಲೆ ಆ ಲೆಕ್ಕ ತಲೆಕೆಳಗಾಯಿತು. ಆದ್ದರಿಂದ ಈಗಿನ ಮಾರುಕಟ್ಟೆಯಲ್ಲಿ ಮೊದಲೇ 16 ಇರುವುದನ್ನು ನೋಡುವುದು ಮೇಲು. ಡಿಸ್ಕಿನ ಮೇಲೆ 512 ಜಿಬಿ ಎಂದು ಬರೆದಿದ್ದರೂ ವಿಂಡೋಸ್ ಅದನ್ನು ಸುಮಾರು 476 ಎಂದೇ ತೋರಿಸುತ್ತದೆ. ಲೆಕ್ಕ ಹಾಕುವ ರೀತಿಯ ವ್ಯತ್ಯಾಸವೇ ಹೊರತು ಮೋಸವಲ್ಲ. ನೂರು ಜಿಬಿಯ ಸುತ್ತಮುತ್ತ ಜಾಗ ಕೇಳುವ ಆಟಗಳು ಈಗ ಅಪರೂಪವಲ್ಲವಾದುದರಿಂದ ಎರಡನೆಯ ಡಿಸ್ಕಿಗೆ ಖಾಲಿ ಗೂಡು ಇದೆಯೇ ಎಂದು ಕೇಳಬೇಕು.

ಪರದೆಗೆ 144 ಹರ್ಟ್ಸ್ ಎಂದಿರುವುದು ಈಗ ಸಾಮಾನ್ಯ. ಅಗ್ಗದ ಯಂತ್ರಗಳಲ್ಲಿ ಬಣ್ಣ ಮಾತ್ರ ಸಪ್ಪೆ. 'ಶೇಕಡ 45 ಎನ್‌ಟಿಎಸ್‌ಸಿ' ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತಾರೆ. ಆಟಕ್ಕೆ ಅದು ಅಡ್ಡಿಯಲ್ಲ. ಚಿತ್ರಕಲೆ, ಛಾಯಾಚಿತ್ರ ಕಲಿಯುವ ಮಕ್ಕಳಿಗೆ ಅಡ್ಡಿ. ಏಳು ಬಣ್ಣದ ಕೀಲಿಗಳು, ಬೆನ್ನಿನ ಮೇಲಿನ ಡ್ರಾಗನ್ನು, ಇವಕ್ಕೆ ಒಂದು ರೂಪಾಯಿಯನ್ನೂ ಹೆಚ್ಚಿಗೆ ಕೊಡಬೇಕಾಗಿಲ್ಲ. ರಾಜ್ಯೋತ್ಸವದ ಸಂಚಿಕೆಯಾದುದರಿಂದ ಇದನ್ನೂ ಹೇಳಿಬಿಡುತ್ತೇವೆ: ಕೀಲಿಗಳ ಮೇಲೆ ಕನ್ನಡದ ಅಕ್ಷರವಿಲ್ಲವೆಂದು ಚಿಂತಿಸಬೇಡಿ. ಕನ್ನಡದ ಕೀಲಿಮಣೆ ವಿಂಡೋಸಿನೊಳಗೇ ಇದೆ. ಸೆಟ್ಟಿಂಗಿನಲ್ಲಿ ಎಬ್ಬಿಸಿದರೆ ಸಾಕು. ಡ್ರಾಗನ್ನಿನ ಯಂತ್ರದಲ್ಲಿಯೂ ಅಜ್ಜಿಗೆ ಕನ್ನಡದಲ್ಲಿ ಕಾಗದ ಬರೆಯಬಹುದು.

ಇನ್ನು ದೆಹಲಿಯ ಬಿಸಿಲು. ಇದರ ವಿಷಯ ಜಾಹೀರಾತಿನಲ್ಲಿ ಇರುವುದಿಲ್ಲ. ಅನೇಕ ಲ್ಯಾಪ್‌ಟಾಪುಗಳ ಕೈಪಿಡಿಯಲ್ಲಿ, ಸುತ್ತಲಿನ ಗಾಳಿ 35 ಡಿಗ್ರಿಯೊಳಗೆ ಇರಬೇಕೆಂದು ಬರೆದಿರುತ್ತದೆ. ಮೇ ತಿಂಗಳಲ್ಲಿ ಹೊರಗೆ 45 ಮುಟ್ಟುವ ಊರು ನಮ್ಮದು. ಮೇಲಂತಸ್ತಿನ ಬಾಡಿಗೆಯ ಕೋಣೆಯ ತಾರಸಿ ರಾತ್ರಿ ಹನ್ನೊಂದಕ್ಕೂ ಆರಿರುವುದಿಲ್ಲ. ಚಿಪ್ಪು ಕಾದಾಗ ತನ್ನನ್ನು ಸುಟ್ಟುಕೊಳ್ಳದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಆಟ ತಡವರಿಸಿದಾಗ "ಕಂಪ್ಯೂಟರ್ ಕೆಟ್ಟಿತು, ಬೇರೆ ಬೇಕು" ಎಂದು ಮಗ ಹೇಳುವುದು ಎಷ್ಟೋ ಸಲ ಈ ಸೆಕೆಯ ಫಲ. ಕೂಲರಿನ ಮುಂದೆ ಇಟ್ಟರಾಗದೆ ಎಂದು ಕೇಳುವವರಿದ್ದಾರೆ. ಕೂಲರು ಗಾಳಿಯ ಜೊತೆ ತೇವವನ್ನೂ ಎರಚುತ್ತದೆ. ಅದರ ನೇರಕ್ಕೆ ವಿದ್ಯುತ್ ಯಂತ್ರವನ್ನು ಇಡುವುದು ನಮಗೆ ಸರಿಕಾಣುವುದಿಲ್ಲ. ಹಿಂಭಾಗವನ್ನು ಎರಡು ಬೆರಳಿನಷ್ಟು ಎತ್ತರಿಸಿ, ಕೆಳಗಿನ ರಂಧ್ರಗಳಿಗೆ ಗಾಳಿ ಸಿಗುವಂತೆ ಮಾಡಿದರೆ ಬಹಳ ಗುಣವುಂಟು. ಚಳಿಗಾಲದ ಅಪಾಯ ಬೇರೆ ತೆರನಾದದ್ದು: ಜನವರಿಯಲ್ಲಿ ರಜಾಯಿಯೊಳಗೆ ತೂರಿಕೊಂಡು ಆಡುತ್ತಾರೆ, ಹತ್ತಿಯ ಹಾಸಿಗೆ ಗಾಳಿಯ ಬಾಯನ್ನೇ ಮುಚ್ಚಿಬಿಡುತ್ತದೆ. ಧೂಳಂತೂ ಇಲ್ಲಿ ವರ್ಷವಿಡೀ. ಬೇಸಗೆಗೆ ಮುಂಚೆ ಒಮ್ಮೆ, ದೀಪಾವಳಿಯ ಹೊಗೆ ಕಳೆದ ಮೇಲೆ ಒಮ್ಮೆ ಒಳಗಿನ ಫ್ಯಾನನ್ನು ಶುಚಿಮಾಡಿಸಬೇಕು. ವಾರಂಟಿಯ ಅವಧಿಯಲ್ಲಿ ಇದನ್ನು ಕಂಪನಿಯ ಸೇವಾಕೇಂದ್ರದಲ್ಲಿಯೇ ಮಾಡಿಸುವುದು ಕ್ಷೇಮ. ಈ ಕಾರಣಕ್ಕಾಗಿಯೇ ನಾವು ದಪ್ಪ ಮೈಯ, ಎರಡು ಫ್ಯಾನಿನ, ಹಿಂದೆಯೂ ಪಕ್ಕದಲ್ಲಿಯೂ ಬಿಸಿಗಾಳಿ ಬಿಡುವ ಯಂತ್ರವನ್ನು ತೆಳುವಾದದ್ದಕ್ಕಿಂತ ಮೇಲೆಂದು ಎಣಿಸುವುದು.

ಆಡುವಾಗ ಬ್ಯಾಟರಿಯನ್ನು ನಂಬುವಂತಿಲ್ಲ. ಚಾರ್ಜರಿಗೆ ಸಿಕ್ಕಿಸಿಯೇ ಆಡಬೇಕು. ಒಟ್ಟು 150 ವ್ಯಾಟ್ ಎಳೆಯುತ್ತದೆಂದು ಹಿಡಿದರೆ ದಿನಕ್ಕೆ ಮೂರು ಗಂಟೆಯಂತೆ ತಿಂಗಳಿಗೆ ಹದಿಮೂರೂವರೆ ಯೂನಿಟ್. ಕರೆಂಟಿನ ಬಿಲ್ಲಿಗೆ ಹೆದರಿ ಬೈಯುವಷ್ಟು ಅದು ದೊಡ್ಡದಲ್ಲ. ಬಾಡಿಗೆ ಮನೆಯ ಪ್ಲಗ್ಗಿನಲ್ಲಿ ಅರ್ತಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ನಿಗೆ ಒಮ್ಮೆ ತೋರಿಸುವುದು ಅದಕ್ಕಿಂತ ಅಗತ್ಯ.

ಎಲ್ಲಿ ಕೊಳ್ಳುವುದು? ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಇದ್ದಂತೆ ನಮಗೆ ನೆಹರೂ ಪ್ಲೇಸ್. ವಯೊಲೆಟ್ ಮಾರ್ಗದ ಮೆಟ್ರೋ ಬಾಗಿಲಿಗೇ ತಂದು ಬಿಡುತ್ತದೆ. ಭಾನುವಾರ ಬಹುಪಾಲು ಅಂಗಡಿಗಳಿಗೆ ರಜೆ, ಶನಿವಾರ ನೂಕುನುಗ್ಗಲು. ವಾರದ ನಡುವೆ ಅರ್ಧ ದಿನ ರಜೆ ಹಾಕಿ ಹೋದರೆ ಅಂಗಡಿಯವನಿಗೆ ಮಾತಾಡಲು ಪುರುಸೊತ್ತಿರುತ್ತದೆ. ಹೋಗುವಾಗ ಯಂತ್ರದ ಪೂರ್ಣ ಮಾದರಿ ಸಂಖ್ಯೆಯನ್ನು, ಕೊನೆಯ ಅಕ್ಷರಗಳನ್ನೂ ಬಿಡದೆ ಬರೆದುಕೊಂಡು ಹೋಗಬೇಕು. ಒಂದೇ ಹೆಸರಿನಡಿಯಲ್ಲಿ ಹತ್ತು ಬಗೆಯ ಸರಕಿದ್ದು, ಬಾಲದ ಅಕ್ಷರದಲ್ಲಿಯೇ ಮೆಮೊರಿ, ಪರದೆ, ಗ್ರಾಫಿಕ್ಸು ಬದಲಾಗಿರುತ್ತವೆ. "ಅಂಕಲ್‌ಜೀ, ಅದು ಇಲ್ಲ, ಅದಕ್ಕಿಂತ ಒಳ್ಳೆಯದು ಇದೆ" ಎಂಬ ಮಾತು ಬಂದರೆ ನಮಸ್ಕಾರ ಹೇಳಿ ಮುಂದಿನ ಅಂಗಡಿಗೆ ನಡೆಯುವುದು ಲೇಸು. ಅಲ್ಲಿ ಅಂಗಡಿಗಳಿಗೇನೂ ಬರವಿಲ್ಲ.

ಆನ್‌ಲೈನಿನಲ್ಲಿ ನವರಾತ್ರಿಯಿಂದ ದೀಪಾವಳಿಯವರೆಗೆ ಬ್ಯಾಂಕಿನ ಕಾರ್ಡುಗಳ ರಿಯಾಯಿತಿ ಸೇರಿ ಬೆಲೆ ಇಳಿಯುವುದುಂಟು. ಜೂನಿನಲ್ಲಿ ಕಾಲೇಜು ಸೇರುವ ಮಗುವಿಗೆ ಮೊದಲ ಆರು ತಿಂಗಳು ಮನೆಯ ಹಳೆಯ ಯಂತ್ರ ಸಾಕಾಗುವುದಾದರೆ ಹಬ್ಬದವರೆಗೆ ಕಾಯುವುದರಲ್ಲಿ ಅರ್ಥವಿದೆ. ಬಡ್ಡಿಯಿಲ್ಲದ ಕಂತು ಎಂಬ ಮಾತನ್ನು ಮಾತ್ರ ಎಚ್ಚರದಿಂದ ಓದಬೇಕು. ಸಾಮಾನ್ಯವಾಗಿ ಬ್ಯಾಂಕು ಬಡ್ಡಿ ಹಾಕಿಯೇ ಹಾಕುತ್ತದೆ. ಅಷ್ಟೇ ಮೊತ್ತವನ್ನು ಬೆಲೆಯಲ್ಲಿ ಮುಂಚಿತವಾಗಿ ಇಳಿಸಿ ತೋರಿಸುತ್ತಾರೆ. ಆ ಬಡ್ಡಿಯ ಮೇಲಿನ ಶೇಕಡ 18 ಜಿಎಸ್‌ಟಿ ನಮ್ಮ ಕೈಯಿಂದಲೇ ಹೋಗುತ್ತದೆ, ಪ್ರೊಸೆಸಿಂಗ್ ಶುಲ್ಕವೂ ಸೇರಬಹುದು. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಕಚೇರಿಗಳು ಬಿಟ್ಟ ಯಂತ್ರ ಓದಿಗೆ ಒಳ್ಳೆಯದೇ. ಆದರೆ ಬಿಲ್ಲಿಲ್ಲದ, ಯಾರೋ ಆಡಿ ಕಾಯಿಸಿ ಬಿಟ್ಟ ಆಟದ ಯಂತ್ರವನ್ನು ಅಗ್ಗವೆಂದು ತರುವುದಕ್ಕೆ ನಮ್ಮ ಒಪ್ಪಿಗೆಯಿಲ್ಲ.

ಹಣ ಕೊಡುವುದಕ್ಕೆ ಮುಂಚೆ, ಪೆಟ್ಟಿಗೆಯನ್ನು ನಮ್ಮ ಕಣ್ಣೆದುರಿಗೇ ಒಡೆಯುವ ಮಾತಾಗಿರಲಿ. ಪೆಟ್ಟಿಗೆಯ ಮೇಲಿನ ಸರಣಿ ಸಂಖ್ಯೆಯೂ ಯಂತ್ರದ ಬೆನ್ನಿನದೂ ಬಿಲ್ಲಿನದೂ ಒಂದೇ ಆಗಿರಬೇಕು. ಅದನ್ನು ತಯಾರಕರ ಜಾಲತಾಣದಲ್ಲಿ ಹಾಕಿ ವಾರಂಟಿ ಭಾರತದ್ದೇ, ಎಂದಿನಿಂದ ಎಂದು ಅಲ್ಲಿಯೇ ಫೋನಿನಲ್ಲಿ ನೋಡಬಹುದು. ಯಂತ್ರ ತೆರೆದ ಮೇಲೆ ಟಾಸ್ಕ್ ಮ್ಯಾನೇಜರಿನಲ್ಲಿ ಮೆಮೊರಿಯ ಗೂಡುಗಳು ಎಷ್ಟು, ತುಂಬಿರುವುವು ಎಷ್ಟು ಎಂದು ಕಾಣುತ್ತದೆ. ಎನ್ವಿಡಿಯಾದ ಕಂಟ್ರೋಲ್ ಪ್ಯಾನೆಲಿನ ಸಿಸ್ಟಂ ಮಾಹಿತಿಯಲ್ಲಿ ಗ್ರಾಫಿಕ್ಸಿನ ವ್ಯಾಟ್ ಕಾಣುತ್ತದೆ. ಈ ಕೆಲಸವನ್ನು ಮಗನಿಗೆ ಬಿಡಿ, ಅವನು ನಮಗಿಂತ ಬೇಗ ಹುಡುಕುತ್ತಾನೆ; ಬಿಲ್ಲಿನಲ್ಲಿ ಅಂಗಡಿಯ ಜಿಎಸ್‌ಟಿ ಸಂಖ್ಯೆಯಿದೆಯೇ ಎಂದು ತಂದೆ ನೋಡಲಿ. "ಬಿಲ್ ಬೇಡವೆಂದರೆ ಎರಡು ಸಾವಿರ ಕಡಮೆ" ಎಂಬ ಆಸೆಗೆ ಬಿದ್ದರೆ ನಾಳೆ ವಾರಂಟಿಯನ್ನು ಕೇಳುವ ಬಾಯಿಯೇ ಇರುವುದಿಲ್ಲ. ಬಿಲ್ಲಿದ್ದೂ ಅಂಗಡಿಯವನು ಮಾತಿಗೆ ತಪ್ಪಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಆ ಬಿಲ್ಲಿನ ಒಂದು ಛಾಯಾಪ್ರತಿ ತಂದೆಯ ಫೋನಿನಲ್ಲಿಯೂ ಒಂದು ಮಕ್ಕಳ ಫೋನಿನಲ್ಲಿಯೂ ಇರಲಿ. ಅಂಗಡಿಯ ಶಾಯಿ ಒಂದೇ ಬೇಸಗೆಗೆ ಮಾಸಿಹೋಗುತ್ತದೆ.